ಟಾರ್ಚಿನ ಬಿಸಿಗೆ ಮನೆಯಲ್ಲೇ ಕಲಸುವ ಗಾರೆ

ರಬ್ಬರ್ ಮರದ ಹಾಲು ಬೆಳಗಿನ ಜಾವದ ತಂಪಿನಲ್ಲಿ ಹೆಚ್ಚು ಇಳಿಯುತ್ತದೆ. ಬಿಸಿಲೇರಿದಂತೆ ಮರದೊಳಗಿನ ಒತ್ತಡ ತಗ್ಗಿ ಹಾಲಿನ ಹರಿವು ಕುಗ್ಗುತ್ತದೆ. ಆದುದರಿಂದ ನಮ್ಮ ಕಾಸರಗೋಡಿನ ಗುಡ್ಡದ ಬದಿಯ ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರು ಇನ್ನೂ ಕತ್ತಲಿರುವಾಗಲೇ ಹಣೆಗೆ ಲೈಟು ಕಟ್ಟಿಕೊಂಡು ಹೊರಡುತ್ತಾರೆ. ರಾತ್ರಿ ಕರೆಂಟು ಬಂದಾಗ ಅಡಿಕೆ ತೋಟದ ಪಂಪು ಹಾಕಲು ಹೋಗುವವರಿಗೂ, ಹಂದಿ ಕಾಯುವವರಿಗೂ, ಕರು ಹಾಕುವ ದನವನ್ನು ನೋಡಲು ಹಟ್ಟಿಗೆ ಓಡುವವರಿಗೂ ಟಾರ್ಚು ಬೇಕೇ ಬೇಕು.

ಇದು ಬರೀ ಅನುಕೂಲದ ಮಾತಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇದರಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆದವು. ತರಗೆಲೆಯ ನಡುವೆ ಸುತ್ತಿಕೊಂಡು ಮಲಗಿದ ಕೊಳಕುಮಂಡಲವನ್ನು ಕಾಲಿಡುವ ಮೊದಲೇ ಕಾಣಬೇಕಾದರೆ ಒಳ್ಳೆಯ ಬೆಳಕು ಬೇಕು. ಅರ್ಧ ದಾರಿಯಲ್ಲಿ ಮಂಕಾಗುವ ಟಾರ್ಚನ್ನು ನಂಬಿ ತೋಟಕ್ಕೆ ಇಳಿಯುವುದು ಅಪಾಯ.

ನೆರೆಯ ಟ್ಯಾಪರ್ ಒಬ್ಬರು ತಮ್ಮ ಹಣೆಲೈಟನ್ನು ನಮ್ಮಲ್ಲಿಗೆ ತಂದು, "ಬ್ಯಾಟರಿ ಹೊಸತು ಮಾರಾಯ್ರೆ, ಹೊತ್ತಿಸುವಾಗ ಹಗಲಿನ ಹಾಗೆ ಬೆಳಕು. ಹತ್ತು ಮರ ಆಗುವಷ್ಟರಲ್ಲಿ ಮಿಣುಕು ದೀಪ. ಮುಟ್ಟಿ ನೋಡಿದರೆ ಬಿಸಿ ಕೂಡಾ ಇಲ್ಲ" ಎಂದರು. ಅವರು ಕೊನೆಗೆ ಹೇಳಿದ ಮಾತಿನಲ್ಲಿಯೇ ರೋಗದ ಗುಟ್ಟು ಇತ್ತು. ಅದನ್ನು ಬಿಚ್ಚಿ ಸರಿಪಡಿಸುವಾಗ ನಾವು ಕಲಿತದ್ದನ್ನು, ನಮ್ಮ ಕೈಯಿಂದಾದ ತಪ್ಪುಗಳನ್ನೂ ಸೇರಿಸಿ, ಈ ಸಲ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಬಿಸಿ ಹುಟ್ಟುವುದು ಎಲ್ಲಿ?

ಹಳೆಯ ತಂತಿ ಬಲ್ಬಿನ ಟಾರ್ಚಿನಲ್ಲಿ ತಂತಿಯು ಕೆಂಪಗೆ ಕಾದು ಬೆಳಕು ಕೊಡುತ್ತಿತ್ತು. ಅದರ ಬಿಸಿಯ ಬಹುಪಾಲು ಬೆಳಕಿನ ಜೊತೆಗೇ ಗಾಜಿನ ಮೂಲಕ ಹೊರಗೆ ಹೋಗುತ್ತಿತ್ತು. ಎಲ್‌ಇಡಿಯ ಸ್ವಭಾವ ಬೇರೆ. ಅದರ ಬೆಳಕಿನಲ್ಲಿ ಬಿಸಿ ಇರುವುದು ಬಹಳ ಕಡಿಮೆ. ಆದರೆ ಅದು ತಿನ್ನುವ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲು, ಹೆಚ್ಚೆಂದರೆ ಅರ್ಧ ಪಾಲು ಬೆಳಕಾಗುತ್ತದೆ. ಉಳಿದದ್ದೆಲ್ಲ ಎಳ್ಳುಕಾಳಿನಷ್ಟಿರುವ ಚಿಪ್‌ನ ಒಳಗೆಯೇ ಬಿಸಿಯಾಗಿ ಉಳಿಯುತ್ತದೆ. ಈ ಬಿಸಿಗೆ ಹೊರಬರಲು ಇರುವುದು ಒಂದೇ ದಾರಿ: ಚಿಪ್‌ನ ಬೆನ್ನಿನಿಂದ ಲೋಹಕ್ಕೆ, ಲೋಹದಿಂದ ಟಾರ್ಚಿನ ಮೈಗೆ, ಮೈಯಿಂದ ಗಾಳಿಗೆ. ದಾರಿ ಕಟ್ಟಿದರೆ ಚಿಪ್ ಕಾಯುತ್ತದೆ, ಬೆಳಕು ತಗ್ಗುತ್ತದೆ, ಆಯುಸ್ಸೂ ಕಡಿಮೆಯಾಗುತ್ತದೆ.

ಬಿಸಿ ಹುಟ್ಟುವ ಇನ್ನೊಂದು ಜಾಗವಿದೆ. ಎಲ್‌ಇಡಿಯ ಹಿಂದೆ ನಾಣ್ಯದಂತಹ ಒಂದು ಚಿಕ್ಕ ಹಲಗೆ ಇರುತ್ತದೆ. ಇದನ್ನು ಡ್ರೈವರ್ ಎನ್ನುತ್ತಾರೆ. ಬ್ಯಾಟರಿಯಿಂದ ಬರುವ ಕರೆಂಟನ್ನು ಎಲ್‌ಇಡಿಗೆ ಬೇಕಾದಷ್ಟೇ ಅಳೆದು ಕೊಡುವುದು ಇದರ ಕೆಲಸ. ಕಡಿಮೆ ಬೆಲೆಯ ಟಾರ್ಚುಗಳ ಡ್ರೈವರ್ ಹೆಚ್ಚಾದ ವೋಲ್ಟೇಜನ್ನು ಬಿಸಿಯಾಗಿ ಕಳೆಯುತ್ತದೆ. ಲೆಕ್ಕ ಸುಲಭ. ಪೂರ್ತಿ ಚಾರ್ಜಾದ ಒಂದು ಲಿಥಿಯಂ ಬ್ಯಾಟರಿ 4.2 ವೋಲ್ಟ್ ಕೊಡುತ್ತದೆ. ಬಿಳಿ ಎಲ್‌ಇಡಿಗೆ ಸಾಕಾಗುವುದು ಸುಮಾರು 3.2 ವೋಲ್ಟ್. ಉಳಿದ 1 ವೋಲ್ಟನ್ನು ಡ್ರೈವರ್ ತಡೆಹಿಡಿಯಬೇಕು. 1 ಆಂಪಿಯರ್ ಹರಿಯುತ್ತಿದ್ದರೆ ಡ್ರೈವರಿನಲ್ಲಿ 1 ವ್ಯಾಟ್ ಬಿಸಿ. ಬ್ಯಾಟರಿ ಇಳಿದು 3.7 ವೋಲ್ಟಿಗೆ ಬಂದಾಗ ಇದು ಅರ್ಧ ವ್ಯಾಟ್ ಆಗುತ್ತದೆ. ಅಂದರೆ ಬ್ಯಾಟರಿ ತುಂಬಿರುವಾಗಲೇ ಡ್ರೈವರಿಗೆ ಹೆಚ್ಚು ಕಷ್ಟ. ಕಾದು ಹೋದರೆ ಡ್ರೈವರಿನ ಚಿಪ್‌ಗಳು ತಮ್ಮನ್ನು ಉಳಿಸಿಕೊಳ್ಳಲು ಕರೆಂಟು ತಡೆಯುತ್ತವೆ. ಆಗ ಹೊಸ ಬ್ಯಾಟರಿ ಇದ್ದರೂ ಬೆಳಕು ಸಾಯುತ್ತದೆ.

ನಾವು ಆ ಹಣೆಲೈಟನ್ನು ಬಿಚ್ಚಿದಾಗ ಡ್ರೈವರು ಎರಡು ತಂತಿಗಳ ಮೇಲೆ ಪೊಳ್ಳು ಜಾಗದಲ್ಲಿ ತೂಗುತ್ತಿತ್ತು. ಎಲ್‌ಇಡಿಯ ತಟ್ಟೆಯನ್ನು ಒಂದು ಬೊಟ್ಟು ಅಂಟಿನಲ್ಲಿ ನಿಲ್ಲಿಸಿದ್ದರು. ಎರಡಕ್ಕೂ ಲೋಹದ ನೆಂಟಸ್ತಿಕೆಯೇ ಇರಲಿಲ್ಲ. ಮೈ ತಣ್ಣಗಿದ್ದುದು ಈ ಕಾರಣದಿಂದ. ಬಿಸಿ ಹುಟ್ಟಿರಲಿಲ್ಲ ಎಂದಲ್ಲ, ಹೊರಗೆ ಬಂದಿರಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಕೆಲವು ಒಳ್ಳೆಯ ಟಾರ್ಚುಗಳು ಕೆಲವು ನಿಮಿಷಗಳ ನಂತರ ಬೇಕೆಂದೇ ಬೆಳಕು ತಗ್ಗಿಸುತ್ತವೆ. ಅವುಗಳ ಮೈ ಬಿಸಿಯಾಗಿರುತ್ತದೆ. ಅದು ದೋಷವಲ್ಲ. ಅಂತಹವನ್ನು ಬಿಚ್ಚಬಾರದು.

ಪೊಳ್ಳನ್ನು ತುಂಬುವುದು ಯಾಕೆ?

ಬಿಸಿಯನ್ನು ದಾಟಿಸುವ ಗುಣ ಒಂದೊಂದು ವಸ್ತುವಿಗೆ ಒಂದೊಂದು ರೀತಿ. ಇದಕ್ಕೆ ಉಷ್ಣವಾಹಕತೆ ಎನ್ನುತ್ತಾರೆ. ಒಂದೇ ಅಳತೆಯಲ್ಲಿ ಹೇಳುವುದಾದರೆ ಸ್ಥೂಲವಾಗಿ ಹೀಗಿದೆ:

ಅಲುಗಾಡದ ಗಾಳಿ – 0.026
ಬರೀ ಎಪಾಕ್ಸಿ ಅಂಟು – 0.2
ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಅಲ್ಯುಮಿನಾ – ಸುಮಾರು 30
ಅಲ್ಯೂಮಿನಿಯಂ ಲೋಹ – 200ರ ಆಸುಪಾಸು
ತಾಮ್ರ – ಸುಮಾರು 400

ಪೊಳ್ಳಿನಲ್ಲಿ ಗಾಳಿ ಇದ್ದರೆ ಬಿಸಿಗೆ ದಾರಿಯೇ ಇಲ್ಲವೆಂದು ಇದರಿಂದ ತಿಳಿಯುತ್ತದೆ. ಆ ಜಾಗವನ್ನು ಗಟ್ಟಿಯಾಗುವ ವಸ್ತುವಿನಿಂದ ತುಂಬುವುದಕ್ಕೆ ಕೈಗಾರಿಕೆಯವರು ಪಾಟಿಂಗ್ ಎನ್ನುತ್ತಾರೆ. ನಾವು ಸುಲಭಕ್ಕಾಗಿ ಗಾರೆ ಎಂದೇ ಕರೆಯೋಣ. ಏಕೆಂದರೆ ಇದರ ತತ್ತ್ವ ಗಾರೆಯದ್ದೇ. ಸಿಮೆಂಟು ಹಿಡಿದಿಡುತ್ತದೆ, ಜಲ್ಲಿ ಮರಳು ಬಲ ಕೊಡುತ್ತವೆ. ಇಲ್ಲಿ ಎಪಾಕ್ಸಿ ಹಿಡಿದಿಡುತ್ತದೆ, ಅಲ್ಯುಮಿನಾ ಪುಡಿ ಬಿಸಿಯನ್ನು ದಾಟಿಸುತ್ತದೆ. ಅಲ್ಯುಮಿನಾ ಬಿಸಿಯನ್ನು ದಾಟಿಸಿದರೂ ಕರೆಂಟನ್ನು ದಾಟಿಸುವುದಿಲ್ಲ. ಇದೇ ಅದರ ದೊಡ್ಡ ಗುಣ.

ಪುಡಿ ಸ್ವಲ್ಪ ಹಾಕಿದರೆ ಪ್ರಯೋಜನ ಸ್ವಲ್ಪವೇ. ಒಟ್ಟು ಗಾತ್ರದಲ್ಲಿ 30 ಶೇಕಡಾ ಪುಡಿ ಇದ್ದರೆ ವಾಹಕತೆ ಬರೀ ಎಪಾಕ್ಸಿಯ ಎರಡು ಪಟ್ಟಿಗಿಂತ ತುಸು ಹೆಚ್ಚು, 40 ಶೇಕಡಾ ಇದ್ದರೆ ಸುಮಾರು ಮೂರು ಪಟ್ಟು, 50 ಶೇಕಡಾ ಇದ್ದರೆ ಸುಮಾರು ನಾಲ್ಕು ಪಟ್ಟು ಎಂದು ಲೆಕ್ಕ ಸಿಗುತ್ತದೆ. ಕಾಳುಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿದ್ದರೆ ಮಾತ್ರ ಬಿಸಿಗೆ ದಾರಿ ತೆರೆಯುತ್ತದೆ. ಆದುದರಿಂದ ದಪ್ಪ ಕಾಳಿನ ಪುಡಿಯ ಜೊತೆಗೆ ನಯವಾದ ಪುಡಿಯನ್ನೂ ಸೇರಿಸುವುದು ಒಳ್ಳೆಯದು. ಜಲ್ಲಿಯ ಸಂದಿಗೆ ಮರಳು ಸೇರಿದಂತೆ ಅದು ಸೇರಿಕೊಳ್ಳುತ್ತದೆ. ಕೈಯಲ್ಲಿ ಕಲಸುವಾಗ 40 ಶೇಕಡಾವರೆಗೆ ಹೋಗಬಹುದು. ಅದಕ್ಕಿಂತ ಹೆಚ್ಚಾದರೆ ಗಾರೆ ಹರಿಯದೆ ಒಳಗೆ ಗಾಳಿ ಉಳಿಯುತ್ತದೆ. ಆಗ ಮಾಡಿದ್ದು ವ್ಯರ್ಥ.

ಒಂದು ಉದಾಹರಣೆ. ಡ್ರೈವರಿನ ಅಗಲ 17 ಮಿಲಿಮೀಟರ್, ಅದರಿಂದ ಲೋಹಕ್ಕೆ ಇರುವ ಅಂತರ 5 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 1 ವ್ಯಾಟ್ ಬಿಸಿ ಈ ಅಂತರವನ್ನು ದಾಟಲು ಬರೀ ಎಪಾಕ್ಸಿಯಲ್ಲಿ ಸುಮಾರು 110 ಡಿಗ್ರಿಯ ವ್ಯತ್ಯಾಸ ಬೇಕು. ಅಲ್ಯುಮಿನಾ ಗಾರೆಯಲ್ಲಿ ಸುಮಾರು 37 ಡಿಗ್ರಿ ಸಾಕು. ಅಂತರವನ್ನೇ 1 ಮಿಲಿಮೀಟರಿಗೆ ಇಳಿಸಿದರೆ ಅದೇ ಗಾರೆಯಲ್ಲಿ 7 ಡಿಗ್ರಿ ಸಾಕು. ಇದರಿಂದ ಒಂದು ಪಾಠ ಕಲಿಯಬೇಕು: ಒಳ್ಳೆಯ ಗಾರೆಗಿಂತಲೂ ತೆಳುವಾದ ಗಾರೆ ಮೇಲು. ಮೊದಲು ಡ್ರೈವರನ್ನು ಲೋಹದ ಹತ್ತಿರಕ್ಕೆ ತನ್ನಿ. ಉಳಿದ ಸಂದಿಯನ್ನು ಮಾತ್ರ ಗಾರೆಯಿಂದ ತುಂಬಿ.

ಎಲ್‌ಇಡಿಯ ತಟ್ಟೆಯ ಅಡಿಗೆ ಈ ಗಾರೆ ಬೇಡ. ಅಲ್ಲಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಬಿಳಿಯ ಹೀಟ್‌ಸಿಂಕ್ ಪೇಸ್ಟನ್ನು ಕಾಗದದಷ್ಟು ತೆಳ್ಳಗೆ ಸವರಿ, ತಟ್ಟೆಯನ್ನು ತಿರುಪಿನಿಂದ ಲೋಹಕ್ಕೆ ಬಿಗಿಯಬೇಕು. ಪೇಸ್ಟು ದಪ್ಪವಾದಷ್ಟೂ ನಷ್ಟ.

ಏನನ್ನು ಬಳಸಬಾರದು?

ಮೊದಲ ಸಲ ನಾವು ಬೆಳ್ಳಿಬಣ್ಣಕ್ಕೆ ಹಾಕುವ ಅಲ್ಯೂಮಿನಿಯಂ ಪುಡಿಯನ್ನು ಎಪಾಕ್ಸಿಗೆ ಬೆರೆಸಿದೆವು. ಲೋಹವಾದ್ದರಿಂದ ಬಿಸಿ ಇನ್ನೂ ಚೆನ್ನಾಗಿ ದಾಟೀತು ಎಂಬ ಆಸೆ. ಡ್ರೈವರಿನ ಎರಡು ಕಾಲುಗಳ ನಡುವೆ ಕರೆಂಟು ಸೋರಿ, ಗುಂಡಿ ಒತ್ತದೆಯೇ ಲೈಟು ಮಿನುಗತೊಡಗಿತು. ಗಟ್ಟಿಯಾದ ಗಾರೆಯನ್ನು ಬಿಡಿಸಲಾಗದೆ ಡ್ರೈವರನ್ನೇ ಎಸೆಯಬೇಕಾಯಿತು. ಲೋಹದ ಪುಡಿ, ಪೆನ್ಸಿಲಿನ ಸೀಸದ ಪುಡಿ, ಇದ್ದಿಲು ಇವೆಲ್ಲ ಕರೆಂಟನ್ನು ದಾಟಿಸುತ್ತವೆ, ಬೇಡ. ಅಲ್ಯೂಮಿನಿಯಂ ಪುಡಿ ಗಾಳಿಯಲ್ಲಿ ಹಾರಿದಾಗ ಕಿಡಿ ತಾಗಿದರೆ ಸ್ಫೋಟಿಸುವುದೂ ಉಂಟು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬಾರದು.

ಟೂತ್‌ಪೇಸ್ಟ್ ಹಚ್ಚಿದರೆ ಸಾಕೆಂದು ಹೇಳುವವರಿದ್ದಾರೆ. ಅದರಲ್ಲಿರುವ ನೀರು ಒಣಗಿದ ಮೇಲೆ ಬಿರುಕು ಬಿಡುತ್ತದೆ. ಒಣಗುವ ಮೊದಲು ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಹುಳಿವಾಸನೆ ಬರುವ ಸಿಲಿಕೋನ್ ಅಂಟಿನಿಂದಲೂ ತಾಮ್ರಕ್ಕೆ ಇದೇ ಗತಿ. ಒಲೆಯ ಬೂದಿ ತೇವ ಎಳೆಯುತ್ತದೆ. ಕಡಲಿನ ಮರಳಿನಲ್ಲಿ ಉಪ್ಪಿದೆ. ತೊಳೆದು ಒಣಗಿಸಿದ ನಯವಾದ ಹೊಳೆ ಮರಳು ಮಾತ್ರ ಬೇರೇನೂ ಸಿಗದಿದ್ದಾಗ ನಡೆಯುತ್ತದೆ. ಆದರೆ ಅದನ್ನು ಕುಟ್ಟಿ ಪುಡಿ ಮಾಡಬೇಡಿ. ಆ ಧೂಳು ಶ್ವಾಸಕೋಶಕ್ಕೆ ವಿಷ.

ಮಾಡುವ ವಿಧಾನ

ಬೇಕಾಗುವ ವಸ್ತುಗಳು: ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಅಂದರೆ ಎರಡು ಕೊಳವೆಗಳಲ್ಲಿ ಬರುವ ಅಂಟು. ಐದು ನಿಮಿಷದಲ್ಲಿ ಗಟ್ಟಿಯಾಗುವುದು ಬೇಡ. ಉಜ್ಜಿ ಹೊಳಪು ಕೊಡುವ ಕೆಲಸಕ್ಕೆ ಮಾರುವ ಬಿಳಿ ಅಲ್ಯುಮಿನಾ ಪುಡಿ. ಚಿನ್ನ ತೂಗುವಂತಹ ಚಿಕ್ಕ ತಕ್ಕಡಿ, ಸೂಜಿ ಇಲ್ಲದ ಸಿರಿಂಜು, ಸ್ಪಿರಿಟ್, ಕೈಗವಸು, ಮುಖವಸ್ತ್ರ.

1. ಬ್ಯಾಟರಿಯನ್ನು ತೆಗೆದು ದೂರವಿಡಿ. ಡ್ರೈವರು ಮತ್ತು ಎಲ್‌ಇಡಿ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಗಾರೆ ತುಂಬಿದ ಮೇಲೆ ದುರಸ್ತಿ ಇಲ್ಲ.

2. ಸಡಿಲ ಬೆಸುಗೆಗಳನ್ನು ಸರಿಪಡಿಸಿ, ಸ್ಪಿರಿಟಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಜಿಡ್ಡಿದ್ದರೆ ಗಾರೆ ಹಿಡಿಯುವುದಿಲ್ಲ.

3. ಪುಡಿಯನ್ನು ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ತೇವ ಹೋಗಿಸಿ, ತಣಿಸಿ. ಮಳೆಗಾಲದಲ್ಲಿ ಇದನ್ನು ತಪ್ಪಿಸಬೇಡಿ.

4. ಒಂದು ಚಿಕ್ಕ ಟಾರ್ಚಿಗೆ ಎಪಾಕ್ಸಿ ಒಟ್ಟು 2 ಗ್ರಾಂ, ಪುಡಿ ನಾಲ್ಕೂವರೆ ಗ್ರಾಂ ಸಾಕು, ಮಿಗುತ್ತದೆ. ಎಪಾಕ್ಸಿಯ ಎರಡು ಭಾಗಗಳ ಪ್ರಮಾಣ ಪೊಟ್ಟಣದಲ್ಲಿ ಹೇಳಿದಂತೆಯೇ ಇರಲಿ. ಅಂದಾಜು ಮಾಡಿದರೆ ಗಾರೆ ಎಂದಿಗೂ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ.

5. ರಾಳದ ಭಾಗದ ಕೊಳವೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಅದು ತೆಳುವಾಗುತ್ತದೆ. ರಾಳಕ್ಕೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಕೊನೆಗೆ ಗಟ್ಟಿಕಾರಕವನ್ನು ಸೇರಿಸಿ, ಗುಳ್ಳೆ ಏಳದಂತೆ ನಿಧಾನವಾಗಿ ಎರಡು ಮೂರು ನಿಮಿಷ ಕಲಸಿ. ದೋಸೆ ಹಿಟ್ಟಿಗಿಂತ ತುಸು ಗಟ್ಟಿಯ ಹದಕ್ಕೆ ಬಂದರೆ ಸರಿ.

6. ಸಿರಿಂಜಿನಿಂದ ಒಂದೇ ಮೂಲೆಯಲ್ಲಿ ಬಿಡುತ್ತಾ ಬನ್ನಿ. ಗಾರೆ ಒಂದು ಕಡೆಯಿಂದ ಏರಿದಂತೆ ಗಾಳಿ ಇನ್ನೊಂದು ಕಡೆಯಿಂದ ಹೊರಹೋಗಬೇಕು. ಮೇಜಿಗೆ ಮೆಲ್ಲನೆ ತಟ್ಟಿ. ಬ್ಯಾಟರಿ ತಾಗುವ ಸ್ಪ್ರಿಂಗಿಗೂ, ಗುಂಡಿಗೂ, ಎಲ್‌ಇಡಿಯ ಮುಖಕ್ಕೂ ಗಾರೆ ಸೋಕಬಾರದು.

7. 24 ಗಂಟೆ ಅಲುಗಿಸದೆ ಬಿಡಿ. ಪೂರ್ತಿ ಗಟ್ಟಿಯಾಗುವವರೆಗೆ ಗಾಜು ಮುಚ್ಚಬೇಡಿ. ಹಸಿ ಅಂಟಿನ ಆವಿ ಒಳಗೆ ಉಳಿದರೆ ಎಲ್‌ಇಡಿಯ ಮುಖ ಕಂದುತ್ತದೆ.

ಎರಡನೇ ಸಲದ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ನಾಲ್ಕೈದು ಟಾರ್ಚುಗಳಿಗೆ ಒಟ್ಟಿಗೇ ಆಗಲಿ ಎಂದು ಬೇಗ ಗಟ್ಟಿಯಾಗುವ ಎಪಾಕ್ಸಿಯನ್ನು ಒಂದು ಪ್ಲಾಸ್ಟಿಕ್ ಲೋಟದಲ್ಲಿ ತುಂಬಾ ಕಲಸಿದೆವು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ರಾಶಿ ದೊಡ್ಡದಾದಷ್ಟು ಬಿಸಿ ಒಳಗೇ ಉಳಿದು ಇನ್ನೂ ವೇಗವಾಗಿ ಕಾಯುತ್ತದೆ. ಲೋಟ ಮೆತ್ತಗಾಗಿ ಹೊಗೆ ಬಂತು. ಅಂಗಳಕ್ಕೆ ಎಸೆದು ಬಚಾವಾದೆವು. ಒಂದು ಸಲಕ್ಕೆ ಕೆಲವೇ ಗ್ರಾಂ ಕಲಸಬೇಕು.

ಗಾರೆಯ ಮಿತಿ

ಗಾರೆ ಬಿಸಿಯನ್ನು ಇಲ್ಲವಾಗಿಸುವುದಿಲ್ಲ. ಒಳಗಿದ್ದುದನ್ನು ಮೈಗೆ ತಲುಪಿಸುತ್ತದೆ, ಅಷ್ಟೆ. ಮೈಯಿಂದ ಗಾಳಿಗೆ ಹೋಗುವುದಕ್ಕೂ ಒಂದು ಮಿತಿ ಇದೆ. 12 ಸೆಂಟಿಮೀಟರ್ ಉದ್ದ, 2.5 ಸೆಂಟಿಮೀಟರ್ ದಪ್ಪದ ಟಾರ್ಚಿನ ಹೊರಮೈ ಸುಮಾರು 100 ಚದರ ಸೆಂಟಿಮೀಟರ್. ಗಾಳಿ ಬೀಸದಿರುವಾಗ ಇಷ್ಟು ಮೈ 3 ವ್ಯಾಟ್ ಬಿಸಿಯನ್ನು ಬಿಡಬೇಕಾದರೆ ಸುತ್ತಲಿನ ಗಾಳಿಗಿಂತ ಸುಮಾರು 30 ಡಿಗ್ರಿ ಹೆಚ್ಚು ಕಾಯಬೇಕು. ಹೊರಗೆ 30 ಡಿಗ್ರಿ ಇದ್ದರೆ ಮೈ 60 ಡಿಗ್ರಿ. ಮೇಲೆ ಲೆಕ್ಕ ಹಾಕಿದ 1 ಆಂಪಿಯರಿನ ಟಾರ್ಚಿನಲ್ಲಿ ಡ್ರೈವರಿನ 1 ವ್ಯಾಟ್, ಎಲ್‌ಇಡಿಯ ಸುಮಾರು 2 ವ್ಯಾಟ್ ಸೇರಿ ಇಷ್ಟೇ ಆಗುತ್ತದೆ. ನಡೆಯುವಾಗ ತಾಗುವ ಗಾಳಿಯೂ ಹಿಡಿದ ಕೈಯೂ ಬಿಸಿಯನ್ನು ಎಳೆದುಕೊಳ್ಳುವುದರಿಂದ ಸ್ವಲ್ಪ ತಗ್ಗುತ್ತದೆ. ಆದರೂ ಅದಕ್ಕಿಂತ ಹೆಚ್ಚಿನ ಬೆಳಕನ್ನು ಚಿಕ್ಕ ಟಾರ್ಚಿನಿಂದ ನಿರಂತರ ಕೇಳುವುದು ತರವಲ್ಲ. ಸಾಮಾನ್ಯ ಎಪಾಕ್ಸಿಯೂ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬ್ಯಾಟರಿ. ಕೈಟಾರ್ಚಿನಲ್ಲಿ ಲಿಥಿಯಂ ಬ್ಯಾಟರಿ ಅದೇ ಕೊಳವೆಯಲ್ಲಿ ಕೂತಿರುತ್ತದೆ. ಅದು 60 ಡಿಗ್ರಿ ದಾಟಬಾರದು. ಬೆರಳನ್ನು ಇಟ್ಟಲ್ಲೇ ಇಡಲಾಗದಷ್ಟು ಮೈ ಕಾದರೆ 50 ಡಿಗ್ರಿ ದಾಟಿತೆಂದು ತಿಳಿದು ಬೆಳಕನ್ನು ತಗ್ಗಿಸಿ. ಬ್ಯಾಟರಿಯ ಸುತ್ತ ಗಾರೆ ತುಂಬುವುದಾಗಲಿ, ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕುವುದಾಗಲಿ ಖಂಡಿತ ಕೂಡದು. ಉಬ್ಬಿದ, ಹೊದಿಕೆ ಹರಿದ ಬ್ಯಾಟರಿಯನ್ನು ಬಳಸಬಾರದು.

ಆರೋಗ್ಯದ ಎಚ್ಚರಿಕೆ

ಎಪಾಕ್ಸಿಯ ಹಸಿ ಅಂಟು, ರಾಳವಾಗಲಿ ಗಟ್ಟಿಕಾರಕವಾಗಲಿ, ಚರ್ಮಕ್ಕೆ ಅಲರ್ಜಿ ತರಿಸುತ್ತದೆ. ಮೊದಲ ಕೆಲವು ಸಲ ಏನೂ ಆಗದಿರಬಹುದು. ಆದರೆ ಒಮ್ಮೆ ದೇಹಕ್ಕೆ ಅಲರ್ಜಿ ಹತ್ತಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಒಂದು ಹನಿ ತಾಗಿದರೂ ತುರಿಕೆ, ಗುಳ್ಳೆ. ಕೈಯನ್ನೇ ನಂಬಿ ಬದುಕುವವರಿಗೆ ಇದು ಸಣ್ಣ ನಷ್ಟವಲ್ಲ. ಆದುದರಿಂದ ನೈಟ್ರೈಲ್ ಕೈಗವಸು ಹಾಕಿಯೇ ಕಲಸಿ. ಚರ್ಮಕ್ಕೆ ತಾಗಿದರೆ ಸಾಬೂನು ನೀರಿನಲ್ಲಿ ತೊಳೆಯಿರಿ. ಥಿನ್ನರಿನಲ್ಲಿ ಒರೆಸಿದರೆ ಅಂಟು ಚರ್ಮದೊಳಗೆ ಇನ್ನಷ್ಟು ಇಳಿಯುತ್ತದೆ. ಪುಡಿ ತೂಗುವಾಗ ಮುಖವಸ್ತ್ರ ಇರಲಿ. ಜಗಲಿಯಲ್ಲಿ, ಗಾಳಿಯಾಡುವಲ್ಲಿ ಕೆಲಸ ಮಾಡಿ. ಮಕ್ಕಳನ್ನು ದೂರವಿಡಿ. ಉಳಿದ ಗಾರೆಯನ್ನು ಗಟ್ಟಿಯಾದ ಮೇಲೆ ಎಸೆಯಿರಿ, ಒಲೆಗೆ ಹಾಕಬೇಡಿ, ಅದರ ಹೊಗೆ ಕೆಟ್ಟದ್ದು. ಪರೀಕ್ಷಿಸುವಾಗ ಉರಿಯುವ ಎಲ್‌ಇಡಿಯನ್ನು ನೇರವಾಗಿ ನೋಡಬೇಡಿ, ಗೋಡೆಗೆ ಹಿಡಿದು ನೋಡಿ.

ಇನ್ನು, ಎಷ್ಟು ಬೆಳಕಿದ್ದರೂ ಮೊಣಕಾಲಿನವರೆಗಿನ ಬೂಟಿಗೆ ಅದು ಬದಲಿಯಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ತಡ ಮಾಡದೆ ಒಯ್ಯಿರಿ.

ಕೊನೆಗೆ ಆ ಹಣೆಲೈಟಿನ ವಿಷಯ. ಎಲ್‌ಇಡಿಯ ತಟ್ಟೆಯನ್ನು ಪೇಸ್ಟು ಹಚ್ಚಿ ಲೋಹಕ್ಕೆ ಬಿಗಿದೆವು. ಡ್ರೈವರನ್ನು ಲೋಹದ ಹತ್ತಿರ ಕೂರಿಸಿ ಗಾರೆ ತುಂಬಿದೆವು. ಖರ್ಚಾದದ್ದು ಅಂಟು ಮತ್ತು ಪುಡಿಯ ಸ್ವಲ್ಪ ಹಣ, ಒಂದು ದಿನದ ತಾಳ್ಮೆ. ಅವರು ಒಂದು ವಾರ ಬಿಟ್ಟು ಪುನಃ ಬಂದರು. "ಬೆಳಕು ಕಡೆಯ ಮರದವರೆಗೆ ನಿಲ್ಲುತ್ತದೆ. ಆದರೆ ಈಗ ಮುಟ್ಟಿದರೆ ಬಿಸಿ ಮಾರಾಯ್ರೆ, ಹಾಳಾಯಿತೋ ಏನೋ?" ಎಂದು ಕೇಳಿದರು. ಬಿಸಿ ಈಗ ಇರಬೇಕಾದಲ್ಲಿ ಇದೆ ಎಂದು ನಾವು ಸಮಾಧಾನ ಹೇಳಿದೆವು. ಅದರಲ್ಲಿ ಬ್ಯಾಟರಿ ತಲೆಯ ಹಿಂಬದಿಯ ಪೆಟ್ಟಿಗೆಯಲ್ಲಿ ಬೇರೆಯೇ ಇರುವುದರಿಂದ ಆ ಭಯವೂ ಇರಲಿಲ್ಲ.

ಓದುಗರೂ ತಮ್ಮ ಮನೆಯ ಟಾರ್ಚನ್ನು ಇವತ್ತು ರಾತ್ರಿ ಹತ್ತು ನಿಮಿಷ ಹೊತ್ತಿಸಿಟ್ಟು ನೋಡಲಿ. ಬೆಳಕು ಕುಗ್ಗಿ ಮೈ ತಣ್ಣಗೇ ಇದ್ದರೆ ಅದನ್ನು ನಂಬಿ ಕತ್ತಲಿಗೆ ಇಳಿಯಬೇಡಿ. ಮಳೆ ಹಿಡಿಯುವ ಮೊದಲು, ಒಣ ಹವೆ ಇರುವಾಗಲೇ ಗಾರೆ ಕೆಲಸ ಮುಗಿಸಿಕೊಳ್ಳುವುದು ಲೇಸು.